ಸ್ಪೋರ್ಟ್ ಬಟನ್ ಒತ್ತಿದರೆ ಎಂಜಿನ್‌ಗೆ ಏನಾಗುತ್ತದೆ? ನೀವೇ ಪರೀಕ್ಷೆ ಮಾಡಿ ನೋಡಿ

ನಮ್ಮ ಭಾವ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಎಂ340ಐ ತಗೊಂಡರು. ಮೊದಲ ದಿನವೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಬಡಾವಣೆ ದಾಟಿದ ಕೂಡಲೇ ಸ್ಪೋರ್ಟ್ ಬಟನ್ ಒತ್ತಿದರು. ಎಕ್ಸಾಸ್ಟ್ ಗುರ್ ಅಂದಿತು, ಕಾರು ಮುಂದಕ್ಕೆ ಚಿಮ್ಮಿತು.

"ನೋಡ್ದೆಯಾ? ಐವತ್ತು ಎಚ್‌ಪಿ ಜಾಸ್ತಿ ಆಯ್ತು!"

"ಇಲ್ಲ ಭಾವ, ಒಂದೂ ಜಾಸ್ತಿ ಆಗಿಲ್ಲ" ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಕಾರು ಚಿಮ್ಮಿದ್ದಂತೂ ನಿಜ, ಅಲ್ವಾ? ಹಾಗಾದರೆ ಅದು ಎಲ್ಲಿಂದ ಬಂತು? ಇದನ್ನು ತೀರ್ಮಾನ ಮಾಡಲು ಮುಂದಿನ ಭಾನುವಾರ ಬೆಳಗ್ಗೆ ಬೇಗ ಎದ್ದು ಒಂದೊಂದೇ ಪರೀಕ್ಷೆ ಮಾಡಿದೆವು. ಅದೇ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೋಡ್ (ಕಾರಿನ ನಡೆಯನ್ನು ಬಟನ್ ಒತ್ತಿ ಬದಲಾಯಿಸುವ ಆಯ್ಕೆ) ಇರುವ ಯಾವುದೇ ಚುರುಕಿನ ಪೆಟ್ರೋಲ್ ಕಾರಿನಲ್ಲಿ ನೀವೂ ಮಾಡಬಹುದು.

ಕಾರಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಇದು 2022ರ ಕೊನೆಯಲ್ಲಿ ಬಂದ ಎಂ340ಐ ಎಕ್ಸ್‌ಡ್ರೈವ್, ಚೆನ್ನೈ ಕಾರ್ಖಾನೆಯಲ್ಲಿ ಜೋಡಣೆಯಾದದ್ದು. ಸಾಲಾಗಿ ಆರು ಸಿಲಿಂಡರ್, 2,998 ಸಿಸಿ, ಒಂದು ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪು). 374 ಎಚ್‌ಪಿ, 500 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ). 8 ಗೇರ್‌ನ ಆಟೊಮ್ಯಾಟಿಕ್. ಮೋಡ್‌ಗಳು ಇಕೋ ಪ್ರೊ, ಕಂಫರ್ಟ್, ಸ್ಪೋರ್ಟ್. ಜೊತೆಗೆ ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳಲು ಇಂಡಿವಿಜುವಲ್. ನಿಮ್ಮದು ಗಾಲ್ಫ್ ಜಿಟಿಐ ಇರಲಿ, ಆಕ್ಟೇವಿಯಾ ಆರ್‌ಎಸ್ ಇರಲಿ, ಮೋಡ್‌ನ ಹೆಸರು ಬದಲಾಗಬಹುದು. ಒಳಗಿನ ಕೆಲಸ ಹೆಚ್ಚುಕಡಿಮೆ ಇದೇ.

ಪೆಡಲ್ ಮತ್ತು ನಲ್ಲಿ

ಹಳೇ ಮಾರುತಿ 800ರಲ್ಲಿ ಆಕ್ಸಿಲರೇಟರ್ ಪೆಡಲ್‌ನಿಂದ ಕಾರ್ಬ್ಯುರೇಟರ್‌ಗೆ ನೇರವಾಗಿ ಒಂದು ಕೇಬಲ್ ಹೋಗುತ್ತಿತ್ತು. ಕಾಲು ಎಷ್ಟು ಒತ್ತಿತೋ ಗಾಳಿಯ ಬಾಗಿಲು ಅಷ್ಟು ತೆರೆಯುತ್ತಿತ್ತು. ಮಧ್ಯೆ ಯಾರೂ ಇರಲಿಲ್ಲ. ಈಗ ಪೆಡಲ್ ಅಂದರೆ ಬರೀ ಒಂದು ಸೆನ್ಸರ್. "ಇವರು ಶೇ. 30ರಷ್ಟು ಒತ್ತಿದ್ದಾರೆ" ಎಂದು ಅದು ಎಂಜಿನ್‌ನ ಕಂಪ್ಯೂಟರ್‌ಗೆ, ಅಂದರೆ ಇಸಿಯುಗೆ, ಸುದ್ದಿ ಮುಟ್ಟಿಸುತ್ತದೆ. ಆ 30ಕ್ಕೆ ಎಷ್ಟು ಟಾರ್ಕ್ ಕೊಡಬೇಕು ಅನ್ನುವುದನ್ನು ಇಸಿಯು ತನ್ನ ಹತ್ತಿರ ಇರುವ ಕೋಷ್ಟಕ ನೋಡಿ ತೀರ್ಮಾನಿಸುತ್ತದೆ. ಆಮೇಲೆ ಥ್ರಾಟಲ್, ಅಂದರೆ ಆ ಗಾಳಿಯ ಬಾಗಿಲು, ಎಷ್ಟು ತೆರೆಯಬೇಕು, ಟರ್ಬೊ ಎಷ್ಟು ಒತ್ತಡ ಕೊಡಬೇಕು, ಎಷ್ಟು ಪೆಟ್ರೋಲ್ ಚಿಮುಕಿಸಬೇಕು, ಕಿಡಿ ಯಾವಾಗ ಹಾರಬೇಕು ಎಲ್ಲ ಲೆಕ್ಕ ಹಾಕುತ್ತದೆ.

ಮೋಡ್ ಬದಲಾಯಿಸಿದಾಗ ಮೊದಲು ಬದಲಾಗುವುದು ಈ ಕೋಷ್ಟಕ.

ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಹಳೇ ಹಿತ್ತಾಳೆ ನಲ್ಲಿಯನ್ನು ಮೂರು ನಾಲ್ಕು ಸುತ್ತು ತಿರುಗಿಸಿದರೆ ಮಾತ್ರ ನೀರು ಪೂರ್ತಿ ಬರುತ್ತದೆ. ಈಗಿನ ನಲ್ಲಿ ಕಾಲು ಸುತ್ತು ತಿರುಗಿಸಿದರೆ ಸಾಕು, ದಬದಬ ಸುರಿಯುತ್ತದೆ. ಟ್ಯಾಂಕ್ ಅದೇ, ಪೈಪ್ ಅದೇ. ಪೂರ್ತಿ ತೆರೆದಾಗ ಎರಡರಲ್ಲೂ ಬರುವ ನೀರೂ ಒಂದೇ. ಇಕೋ ಪ್ರೊ ಹಿತ್ತಾಳೆ ನಲ್ಲಿ, ಸ್ಪೋರ್ಟ್ ಕಾಲು ಸುತ್ತಿನ ನಲ್ಲಿ.

ಇನ್ನೊಂದು ಸೂಕ್ಷ್ಮ ಇದೆ. ಎಷ್ಟು ಕೊಡಬೇಕು ಅನ್ನುವುದರ ಜೊತೆ, ಎಷ್ಟು ಬೇಗ ಕೊಡಬೇಕು ಅನ್ನುವುದನ್ನೂ ಇಸಿಯು ನೋಡಿಕೊಳ್ಳುತ್ತದೆ. ಕಂಫರ್ಟ್‌ನಲ್ಲಿ ನೀವು ಪೆಡಲನ್ನು ಗಕ್ಕನೆ ಒತ್ತಿದರೂ ಟಾರ್ಕ್ ಮೆಲ್ಲಗೆ ಏರುತ್ತದೆ, ಹಿಂದೆ ಕೂತ ಅಮ್ಮನ ತಲೆ ಅಲ್ಲಾಡಬಾರದು ಅಂತ. ಸ್ಪೋರ್ಟ್‌ನಲ್ಲಿ ಈ ನಯ ಕಡಿಮೆ ಆಗುತ್ತದೆ. ಸೀಟಿಗೆ ಬೆನ್ನು ತಾಗಿದ ಅನುಭವ ಬರುವುದು ಇಲ್ಲಿಂದ.

ಮೊದಲ ಪರೀಕ್ಷೆ: ಗೇರ್ ಕಟ್ಟಿಹಾಕಿ ನೋಡಿ

ಎಂಜಿನ್ ಆಯಿಲ್ ಬಿಸಿಯಾಗುವ ತನಕ ಏನೂ ಶುರು ಮಾಡಬೇಡಿ. ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ಹಾಗಲ್ಲ, ಅದಕ್ಕೆ ಜಾಸ್ತಿ ಹೊತ್ತು ಬೇಕು. ನಿಮ್ಮ ಕಾರಿನಲ್ಲಿ ಆಯಿಲ್ ತಾಪಮಾನ ತೋರಿಸುವ ಪರದೆ ಇದ್ದರೆ 80–90 ಡಿಗ್ರಿ ದಾಟಲಿ. ಇಲ್ಲದಿದ್ದರೆ ಹದಿನೈದು ಇಪ್ಪತ್ತು ನಿಮಿಷ ಸಲೀಸಾಗಿ ಓಡಿಸಿ. ತಣ್ಣಗಿನ ಎಂಜಿನ್‌ಗೆ ಸ್ಪೋರ್ಟ್ ಹಾಕಿ ಒದೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಯಿಲ್ ಇನ್ನೂ ಗಟ್ಟಿ ಇರುತ್ತದೆ. ಟರ್ಬೊದ ಬೇರಿಂಗ್‌ಗೆ ಸರಿಯಾಗಿ ಜಾರು ಸಿಗುವ ಮೊದಲೇ ಅದನ್ನು ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗಿಸಿದರೆ ಬಾಳಿಕೆ ಎಲ್ಲಿಂದ ಬರಬೇಕು?

ಜಾಗ ಮುಖ್ಯ. ಖಾಲಿಯಾದ, ನೇರವಾದ, ಮಟ್ಟಸವಾದ ರಸ್ತೆ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿ ಇದಕ್ಕಲ್ಲ. ಅಲ್ಲಿ ಮಿತಿ 100 ಕಿಮೀ, ಕ್ಯಾಮೆರಾಗಳೂ ಇವೆ. ಈ ಪರೀಕ್ಷೆಗೆ ಅಷ್ಟು ವೇಗವೇ ಬೇಡ.

ಈಗ ಗೇರನ್ನು ಮ್ಯಾನುಯಲ್‌ಗೆ ಹಾಕಿ ಮೂರಕ್ಕೆ ನಿಲ್ಲಿಸಿ. ಈ ಹೆಜ್ಜೆ ಬಿಟ್ಟರೆ ಪರೀಕ್ಷೆಯೇ ಹಾಳು, ಯಾಕೆಂದರೆ ಮೋಡ್ ಬದಲಾದಾಗ ಗೇರ್‌ಬಾಕ್ಸ್ ಕೂಡ ಬುದ್ಧಿ ಬದಲಾಯಿಸುತ್ತದೆ. ಆಗ ಕಾರು ಚಿಮ್ಮಿದ್ದು ಪೆಡಲ್‌ನಿಂದಲೋ ಗೇರ್‌ನಿಂದಲೋ ಗೊತ್ತಾಗುವುದಿಲ್ಲ. ಎಂ340ಐನಲ್ಲಿ ಮೂರನೇ ಗೇರ್, 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಅಂದರೆ ಸುಮಾರು 40 ಕಿಮೀ ವೇಗ.

ಕಂಫರ್ಟ್‌ನಲ್ಲಿ 40ಕ್ಕೆ ಬನ್ನಿ. ಪೆಡಲನ್ನು ಕಾಲು ಭಾಗ ಮಾತ್ರ ಒತ್ತಿ ಹಾಗೇ ಹಿಡಿಯಿರಿ. ಪಕ್ಕದಲ್ಲಿ ಕೂತವರು ಸ್ಪೀಡೋಮೀಟರ್ ಕಾಣುವ ಹಾಗೆ ಫೋನ್‌ನಲ್ಲಿ ವಿಡಿಯೊ ತೆಗೆಯಲಿ. 70 ಮುಟ್ಟಿದಾಗ ಬಿಡಿ. ಅದೇ ಜಾಗದಲ್ಲಿ ಸ್ಪೋರ್ಟ್ ಹಾಕಿ ಮತ್ತೆ ಮಾಡಿ. ವಿರುದ್ಧ ದಿಕ್ಕಿನಲ್ಲೂ ಒಂದೊಂದು ಸಲ ಮಾಡಿ, ಇಲ್ಲದಿದ್ದರೆ ರಸ್ತೆಯ ಇಳಿಜಾರು ಮೋಸ ಮಾಡುತ್ತದೆ. ಸ್ಪೋರ್ಟ್‌ನಲ್ಲಿ ಕಾರು ಬೇಗ ಏರಿರುತ್ತದೆ. ಇಲ್ಲಿಯವರೆಗೆ ಭಾವ ನಗುತ್ತಿದ್ದರು.

ಈಗ ಇದನ್ನೇ ಪೆಡಲ್ ಪೂರ್ತಿ ಒತ್ತಿ ಮಾಡಿ. ಪೆಡಲ್‌ನ ಕೊನೆಯಲ್ಲಿ ಕಿಕ್‌ಡೌನ್ ಅನ್ನುವ ಒಂದು ಕ್ಲಿಕ್ ಇರುತ್ತದೆ. ಅದನ್ನು ಮುಟ್ಟಬೇಡಿ, ಮುಟ್ಟಿದರೆ ಗೇರ್ ಇಳಿದುಬಿಡಬಹುದು. ಮನೆಗೆ ಬಂದು ಎರಡೂ ವಿಡಿಯೊ ಪಕ್ಕಪಕ್ಕ ಇಟ್ಟು ನೋಡಿದೆವು. ಮೊದಲ ಕ್ಷಣದ ಒದೆತ ಸ್ಪೋರ್ಟ್‌ನಲ್ಲಿ ಕೊಂಚ ಚುರುಕು. ಅದು ಬಿಟ್ಟರೆ 40ರಿಂದ 70ರ ಓಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ನಲ್ಲಿ ಪೂರ್ತಿ ತೆರೆದಾಗ ನೀರು ಒಂದೇ.

ಇನ್ನೂ ಆಳಕ್ಕೆ ಇಳಿಯುವ ಆಸೆ ಇದ್ದರೆ ಸ್ಟೀರಿಂಗ್ ಕೆಳಗಿರುವ, ಎಂಜಿನ್‌ನ ಮಾಹಿತಿ ಓದಲು ಇಟ್ಟಿರುವ ಒಬಿಡಿ ಸಾಕೆಟ್‌ಗೆ ಒಂದು ಬ್ಲೂಟೂತ್ ಡಾಂಗಲ್ ಚುಚ್ಚಿ, ಫೋನ್‌ನಲ್ಲಿ ಪೆಡಲ್ ಸ್ಥಾನ ಮತ್ತು ಎಂಜಿನ್ ಲೋಡ್ ಎರಡನ್ನೂ ರೆಕಾರ್ಡ್ ಮಾಡಿ. ನಿಲ್ಲಿಸಿದ ಮೇಲೆ ನೋಡಿ, ಓಡಿಸುತ್ತಾ ಬೇಡ. ಅದೇ ಪೆಡಲ್‌ಗೆ ಸ್ಪೋರ್ಟ್‌ನಲ್ಲಿ ಲೋಡ್ ಜಾಸ್ತಿ ಇರುವುದು ಗೆರೆಯಲ್ಲೇ ಕಾಣುತ್ತದೆ.

ಎರಡನೇ ಪರೀಕ್ಷೆ: ಅಸಲಿ ಆಟ ಗೇರ್‌ಬಾಕ್ಸ್‌ನದು

ಪೆಡಲ್‌ನ ಚುರುಕು ಒಂದು ಪಾಲು. ಆದರೆ ನನ್ನ ಪ್ರಕಾರ ಸ್ಪೋರ್ಟ್ ಮೋಡ್‌ನ ದೊಡ್ಡ ಪಾಲು ಇರುವುದು ಗೇರ್‌ಬಾಕ್ಸ್‌ನಲ್ಲಿ. ಲೆಕ್ಕ ನೋಡಿ. ಈ ಕಾರು 60 ಕಿಮೀ ವೇಗದಲ್ಲಿ ಆರನೇ ಗೇರ್‌ನಲ್ಲಿದ್ದರೆ ಎಂಜಿನ್ ಸುಮಾರು 1,400 ಆರ್‌ಪಿಎಂನಲ್ಲಿ ಇರುತ್ತದೆ. ನಾಲ್ಕನೇ ಗೇರ್‌ನಲ್ಲಿದ್ದರೆ ಸುಮಾರು 2,300. ಪೂರ್ತಿ 500 ಎನ್‌ಎಂ ಸಿಗುವುದು ಹತ್ತಿರ ಹತ್ತಿರ 1,900ರಿಂದ. ಅಂದರೆ ಕಂಫರ್ಟ್‌ನಲ್ಲಿ ನೀವು ಓವರ್‌ಟೇಕ್‌ಗೆ ಒತ್ತಿದಾಗ ಎಂಜಿನ್ ಇನ್ನೂ ಮಲಗಿರುತ್ತದೆ. ಮೊದಲು ಗೇರ್ ಇಳಿಯಬೇಕು, ಆಮೇಲೆ ಟರ್ಬೊ ಸುತ್ತಿ ಗಾಳಿ ತುಂಬಬೇಕು, ಆಮೇಲೆ ಓಟ. ಸ್ಪೋರ್ಟ್‌ನಲ್ಲಿ ಅದು ಎದ್ದು ನಿಂತೇ ಇರುತ್ತದೆ. ಟರ್ಬೊ ಲ್ಯಾಗ್, ಅಂದರೆ ಟರ್ಬೊ ಗಾಳಿ ತುಂಬುವ ತನಕದ ಈ ಕಾಯುವಿಕೆ, ಕಡಿಮೆ ಅನ್ನಿಸುವುದಕ್ಕೆ ಮುಖ್ಯ ಕಾರಣ ಟರ್ಬೊದ ಯಾವುದೋ ಮಾಯೆ ಅಲ್ಲ, ಎಂಜಿನ್ ಸರಿಯಾದ ಆರ್‌ಪಿಎಂನಲ್ಲಿ ಇರುವುದು.

ಖಚಿತ ಮಾಡಿಕೊಳ್ಳಿ. ಕಂಫರ್ಟ್‌ನಲ್ಲೇ 60ರಲ್ಲಿ ಹೋಗುತ್ತಾ ಎಡಗಡೆಯ ಪ್ಯಾಡಲ್ ಎಳೆದು ಗೇರನ್ನು ನಾಲ್ಕಕ್ಕೆ ಇಳಿಸಿ. ಈಗ ಒತ್ತಿ. ಸ್ಪೋರ್ಟ್ ಹಾಕಿದಾಗಿನ ಚುರುಕಿನ ಬಹುಪಾಲು ಸ್ಪೋರ್ಟ್ ಹಾಕದೆಯೇ ಬಂದಿರುತ್ತದೆ! ಇದನ್ನು ನೋಡಿದ ಮೇಲೆ ಭಾವ ಸುಮ್ಮನಾದರು.

ಸ್ಪೋರ್ಟ್‌ನಲ್ಲಿ ಗೇರ್‌ಬಾಕ್ಸ್ ಇನ್ನೂ ಕೆಲವು ಕೆಲಸ ಮಾಡುತ್ತದೆ. ಬ್ರೇಕ್ ಹಿಡಿದಾಗ ತಾನೇ ಗೇರ್ ಇಳಿಸುತ್ತದೆ, ತಿರುವಿನ ಮಧ್ಯೆ ಗೇರ್ ಏರಿಸುವುದಿಲ್ಲ, ಗೇರ್ ಬದಲಾಯಿಸುವಾಗ ನಯಕ್ಕಿಂತ ವೇಗಕ್ಕೆ ಬೆಲೆ ಕೊಡುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಇದು ಬಹಳ ಉಪಯೋಗ, ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕ್ ಬಿಸಿ ಆಗುವುದು ಕಡಿಮೆ. ಇಕೋ ಪ್ರೊದಲ್ಲಿ ಇದಕ್ಕೆ ಉಲ್ಟಾ. ಕಾಲು ತೆಗೆದರೆ ಎಂಜಿನ್‌ನ ಹಿಡಿತ ಬಿಟ್ಟು ಕಾರು ತೇಲಿಕೊಂಡು ಹೋಗುತ್ತದೆ. ನೇರ ಹೆದ್ದಾರಿಗೆ ಅದು ಚೆನ್ನ. ಘಾಟಿಗೆ ಬೇಡ.

ನಿಜವಾಗಿಯೂ ಶಕ್ತಿ ಬದಲಾಗುವ ಕಾರುಗಳು

ಇವೂ ಇವೆ, ಅದಕ್ಕೇ "ಯಾವ ಕಾರಿನಲ್ಲೂ ಆಗುವುದಿಲ್ಲ" ಅಂತ ನಾನು ಹೇಳುತ್ತಿಲ್ಲ. 2005ರಲ್ಲಿ ಬಂದ ವಿ10 ಎಂಜಿನ್‌ನ ಬಿಎಂಡಬ್ಲ್ಯು ಎಂ5 ಸ್ಟಾರ್ಟ್ ಮಾಡಿದಾಗ 400 ಎಚ್‌ಪಿ ಮಾತ್ರ ಕೊಡುತ್ತಿತ್ತು. ಪವರ್ ಅಂತ ಬರೆದ ಬಟನ್ ಒತ್ತಿದರೆ 507. ಅಮೆರಿಕದ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್‌ಗೆ ಎರಡು ಕೀ ಇದ್ದವು. ಕೆಂಪು ಕೀಗೆ 707 ಎಚ್‌ಪಿ, ಕಪ್ಪು ಕೀಗೆ 500. ಮಗನಿಗೆ ಕಪ್ಪು ಕೀ ಕೊಟ್ಟು ಕೆಂಪನ್ನು ಬೀರುವಿನಲ್ಲಿ ಇಡಬಹುದಿತ್ತು. ಹಾಗೆ ಇಟ್ಟರೂ ಮಗನ ಕೈಯಲ್ಲಿ 500 ಎಚ್‌ಪಿ, ಅದು ಬೇರೆ ಮಾತು.

ಎಲೆಕ್ಟ್ರಿಕ್ ಕಾರುಗಳಲ್ಲಿ ಇದು ಮಾಮೂಲು. ಹ್ಯುಂಡೈ ಐಯಾನಿಕ್ 5 ಎನ್ ಸಾಮಾನ್ಯವಾಗಿ 609 ಪಿಎಸ್ (ಎಚ್‌ಪಿಗೆ ಹತ್ತಿರದ್ದೇ ಅಳತೆ) ಕೊಡುತ್ತದೆ, ಬೂಸ್ಟ್ ಬಟನ್ ಒತ್ತಿದರೆ 10 ಸೆಕೆಂಡ್ ಮಟ್ಟಿಗೆ 650. ಪೋರ್ಷೆಯ ಪೆಟ್ರೋಲ್ ಕಾರುಗಳ ಸ್ಪೋರ್ಟ್ ರೆಸ್ಪಾನ್ಸ್ ಬಟನ್ ಕೂಡ 20 ಸೆಕೆಂಡ್‌ದೇ. ಆದರೆ ಅದು ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಅತೀ ಚುರುಕಿನ ಸ್ಥಿತಿಗೆ ತಂದು ನಿಲ್ಲಿಸುತ್ತದೆ ಅಷ್ಟೇ.

ನಿಮ್ಮ ಕಾರು ಯಾವ ಗುಂಪಿಗೆ ಸೇರಿದ್ದು ಅಂತ ತಿಳಿಯಲು ಮಾಲೀಕರ ಕೈಪಿಡಿಯ ಶಕ್ತಿಯ ಪಟ್ಟಿ ನೋಡಿ. ಮೋಡ್‌ಗೆ ಒಂದೊಂದು ಸಂಖ್ಯೆ ಬರೆದಿದ್ದರೆ ಸರಿ. ಒಂದೇ ಸಂಖ್ಯೆ ಇದ್ದರೆ ನಮ್ಮ ಭಾವನ ಗುಂಪು.

ಮೋಡ್ ಬದಲಾಯಿಸಲಾಗದ ಸಂಗತಿಗಳು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಮಂಗಳೂರಿಗಿಂತ ಶೇ. 10ರ ಹತ್ತಿರ ತೆಳು. ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಅದು ಇನ್ನಷ್ಟು ಜೋರಾಗಿ ಸುತ್ತಿ ಸರಿದೂಗಿಸುತ್ತದೆ, ಅದಕ್ಕೆ ಒಂದು ಚೂರು ಹೊತ್ತು ಜಾಸ್ತಿ ಹಿಡಿಯುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತು ಬಂದರೆ ಟರ್ಬೊ ತಳ್ಳುವ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಕಾದಿರುತ್ತದೆ. ಬಿಸಿ ಗಾಳಿ ಒಳಗೆ ಹೋದರೆ ಇಸಿಯು ಕಿಡಿಯನ್ನು ತಡ ಮಾಡಿ ಎಂಜಿನ್ ಕಾಪಾಡುತ್ತದೆ. ಕಡಿಮೆ ಆಕ್ಟೇನ್‌ನ, ಅಂದರೆ ಒತ್ತಡಕ್ಕೆ ಬೇಗ ತಾನಾಗಿ ಹೊತ್ತಿಕೊಳ್ಳುವ, ಪೆಟ್ರೋಲ್ ಹಾಕಿದರೂ ಇದೇ ಕಥೆ. ಸ್ಪೋರ್ಟ್ ಹಾಕಿದರೆ ಇವು ಯಾವುವೂ ಸರಿಹೋಗುವುದಿಲ್ಲ. ಹಾಗಾಗಿ "ಇವತ್ತು ಯಾಕೋ ಗಾಡಿ ಎಳೀತಿಲ್ಲ" ಅನ್ನಿಸಿದರೆ ಮೋಡ್ ಬಟನ್ ಕುಟ್ಟಬೇಡಿ. ಪೆಟ್ರೋಲ್ ಟ್ಯಾಂಕ್ ಕ್ಯಾಪ್‌ನ ಒಳಗೆ ಬರೆದ ಆಕ್ಟೇನ್ ಸಂಖ್ಯೆ ನೋಡಿ, ಆ ಪೆಟ್ರೋಲ್ ಹಾಕಿಸಿ. 95 ಆಕ್ಟೇನ್ ಈಗ ನಗರದ ಬಹಳಷ್ಟು ಬಂಕ್‌ಗಳಲ್ಲಿ ಸಿಗುತ್ತದೆ.

ಶಬ್ದದ ಬಗ್ಗೆ ಒಂದೇ ಮಾತು. ಸ್ಪೋರ್ಟ್‌ನಲ್ಲಿ ಎಕ್ಸಾಸ್ಟ್‌ನ ಫ್ಲಾಪ್ ತೆರೆಯುತ್ತದೆ, ಕೆಲವು ಕಾರಲ್ಲಿ ಸ್ಪೀಕರ್‌ನಿಂದಲೂ ಗುಡುಗು ಬರುತ್ತದೆ. ಕಿವಿ ಮೋಸ ಹೋಗುತ್ತದೆ. ಭಾವನ ಐವತ್ತು ಎಚ್‌ಪಿಯಲ್ಲಿ ಮೂವತ್ತು ಈ ಶಬ್ದದ್ದೇ ಅಂತ ನನ್ನ ಗುಮಾನಿ.

ಸಸ್ಪೆನ್ಷನ್, ಸ್ಟೀರಿಂಗ್, ಮತ್ತು ಎಚ್ಚರ ಬೇಕಾದ ಒಂದು ಜಾಗ

ಅಡಾಪ್ಟಿವ್ ಡ್ಯಾಂಪರ್ (ಬಿಗಿತ ಬದಲಾಯಿಸಬಲ್ಲ ಶಾಕ್ ಅಬ್ಸಾರ್ಬರ್) ಇರುವ ಕಾರಲ್ಲಿ ಸ್ಪೋರ್ಟ್ ಹಾಕಿದರೆ ಸಸ್ಪೆನ್ಷನ್ ಬಿಗಿಯಾಗುತ್ತದೆ. ಟ್ರ್ಯಾಕ್‌ನ ನುಣುಪು ಡಾಂಬರಿನಲ್ಲಿ ಇದರಿಂದ ಲಾಭ ಇದೆ, ಕಾರು ಪಕ್ಕಕ್ಕೆ ವಾಲುವುದು ಕಡಿಮೆ. ನಮ್ಮ ರಸ್ತೆಗಳಲ್ಲಿ ನಷ್ಟ. ಗುಂಡಿ, ಹಂಪ್, ತೇಪೆ ಹಾಕಿದ ಟಾರಿನ ಮೇಲೆ ಬಿಗಿಯಾದ ಸಸ್ಪೆನ್ಷನ್ ಚಕ್ರವನ್ನು ಕುಣಿಸುತ್ತದೆ. ಚಕ್ರ ನೆಲ ಬಿಟ್ಟಷ್ಟು ಹೊತ್ತು ಅದಕ್ಕೆ ಹಿಡಿತ ಇಲ್ಲ. ಸ್ಟೀರಿಂಗ್ ಭಾರವಾಗುವುದು ಮೋಟರ್‌ನ ಸಹಾಯ ಕಡಿಮೆಯಾಗಿ. ಅದರಿಂದ ಚಕ್ರ ಜಾಸ್ತಿ ತಿರುಗುವುದಿಲ್ಲ. ಇದು ಪೂರ್ತಿ ಅವರವರ ರುಚಿ. ನನಗೆ ಹಗುರವೇ ಇಷ್ಟ.

ಎಚ್ಚರ ಬೇಕಾದದ್ದು ಇಎಸ್‌ಸಿ ವಿಷಯದಲ್ಲಿ, ಅಂದರೆ ಕಾರು ಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಹಿಡಿಯುವ ವ್ಯವಸ್ಥೆ. ಹಲವು ಕಾರುಗಳ ಅತಿ ತೀಕ್ಷ್ಣ ಮೋಡ್, ಸ್ಪೋರ್ಟ್ ಪ್ಲಸ್ ಅಥವಾ ಟ್ರ್ಯಾಕ್ ಎಂಬ ಹೆಸರಿನದು, ಇದನ್ನು ಸಡಿಲ ಮಾಡುತ್ತದೆ. ಪರದೆಯ ಮೇಲೆ ಜಾರುವ ಕಾರಿನ ಹಳದಿ ಚಿಹ್ನೆ ಮಿಟುಕದೆ ಹೊತ್ತಿಕೊಂಡೇ ಇದ್ದರೆ ಸಾಮಾನ್ಯವಾಗಿ ಅದೇ ಅರ್ಥ. ಫೆರಾರಿ 2004ರಲ್ಲಿ ಎಫ್430 ಸ್ಟೀರಿಂಗ್ ಮೇಲೆ ಒಂದು ಕೆಂಪು ಗುಂಡಿ ಇಟ್ಟಿತು. ಮನೆಟ್ಟಿನೊ ಅಂತ ಕರೆಯುತ್ತಾರೆ. ಅದನ್ನು ಮಂಜುಗಡ್ಡೆ ಕಟ್ಟಿದ ರಸ್ತೆಯ ಸ್ಥಾನದಿಂದ ಬಲಕ್ಕೆ ತಿರುಗಿಸುತ್ತಾ ಹೋದಂತೆ ಕಾರು ನಿಮ್ಮ ಕೈ ಹಿಡಿಯುವುದು ಕಡಿಮೆಯಾಗುತ್ತಾ ಹೋಗುತ್ತದೆ, ಕೊನೆಯ ಸ್ಥಾನದಲ್ಲಿ ಪೂರ್ತಿ ಬಿಟ್ಟುಬಿಡುತ್ತದೆ. ಆ ಕೊನೆಯ ಸ್ಥಾನಗಳ ಜಾಗ ರೇಸ್ ಟ್ರ್ಯಾಕ್. ನಮಗೆ ಹತ್ತಿರ ಇರುವವುಗಳಲ್ಲಿ ಎರಡು: ಶ್ರೀಪೆರಂಬುದೂರು ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿರುವ 3.7 ಕಿಮೀ ಟ್ರ್ಯಾಕ್, ಮತ್ತು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ.

ಮಳೆಯಲ್ಲಿ ಉಲ್ಟಾ ದಿಕ್ಕಿಗೆ ಹೋಗಿ. ಆಗುಂಬೆ ತಿರುವಿನಲ್ಲಿ ಒದ್ದೆ ಎಲೆ ಬಿದ್ದಿರುವಾಗ ಕಾಲು ಸುತ್ತಿನ ನಲ್ಲಿ ಬೇಡ, ಹಿತ್ತಾಳೆ ನಲ್ಲಿಯೇ ಬೇಕು. ಬೂಟಿನ ತುದಿ ಅಲ್ಲಾಡಿದ್ದಕ್ಕೆಲ್ಲ ಚಕ್ರ ಜಾರಿ ಗಿರ್ರನೆ ತಿರುಗಬಾರದು. ಪೋರ್ಷೆಯ ಈಗಿನ 911ರಲ್ಲಿ ಇದಕ್ಕೇ ವೆಟ್ ಮೋಡ್ ಇದೆ. ಮುಂದಿನ ಚಕ್ರದ ಗೂಡಿನಲ್ಲಿರುವ ಸೆನ್ಸರ್‌ಗಳು ನೀರು ಚಿಮ್ಮುವ ಸದ್ದು ಕೇಳಿಸಿಕೊಂಡು, "ರಸ್ತೆ ಒದ್ದೆ ಇದೆ, ಮೋಡ್ ಬದಲಾಯಿಸಿ" ಅಂತ ಡ್ರೈವರ್‌ಗೆ ಹೇಳುತ್ತವೆ. ನಿಮ್ಮ ಕಾರಲ್ಲಿ ಅದಿಲ್ಲದಿದ್ದರೆ ಕಂಫರ್ಟ್ ಅಥವಾ ಇಕೋ ಸಾಕು.

ಈಗ ನಿಮ್ಮದೇ ಮೋಡ್ ಮಾಡಿಕೊಳ್ಳಿ

ಇಷ್ಟೆಲ್ಲ ಗೊತ್ತಾದ ಮೇಲೆ ಇಂಡಿವಿಜುವಲ್ ಮೆನುಗೆ ಹೋಗಿ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ, ಮೆನು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಅಲ್ಲಿ ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಇದ್ದರೆ ಸಸ್ಪೆನ್ಷನ್, ಒಂದೊಂದನ್ನೂ ಬೇರೆ ಬೇರೆ ಇಡಬಹುದು.

ನಾವು ಭಾವನ ಕಾರಿಗೆ ಇಟ್ಟದ್ದು ಹೀಗೆ: ಎಂಜಿನ್ ಕಂಫರ್ಟ್, ಗೇರ್‌ಬಾಕ್ಸ್ ಸ್ಪೋರ್ಟ್, ಸ್ಟೀರಿಂಗ್ ಕಂಫರ್ಟ್. ಅಡಾಪ್ಟಿವ್ ಡ್ಯಾಂಪರ್ ಇದ್ದವರು ಅದನ್ನೂ ಕಂಫರ್ಟ್‌ನಲ್ಲೇ ಬಿಡಿ. ಎಲ್ಲರೂ ಮೊದಲು ಎಂಜಿನ್ನನ್ನೇ ಸ್ಪೋರ್ಟ್‌ಗೆ ಹಾಕುತ್ತಾರೆ, ನಾನು ಗೇರ್‌ಬಾಕ್ಸ್ ಹಾಕಿ ಅನ್ನುತ್ತೇನೆ. ಎರಡನೇ ಪರೀಕ್ಷೆ ಮಾಡಿದವರಿಗೆ ಕಾರಣ ಗೊತ್ತು. ಎಂಜಿನ್ ಸರಿಯಾದ ಆರ್‌ಪಿಎಂನಲ್ಲಿ ಇರುತ್ತದೆ, ಆದರೆ ಪೆಡಲ್ ನಯವಾಗಿ ಇರುತ್ತದೆ. ತಿರುವಿನ ಮಧ್ಯೆ ಕಾಲಿನಿಂದ ಅಳೆದು ಕೊಡಲು ಅನುಕೂಲ. ಒಂದು ವಾರ ಹೀಗೆ ಓಡಿಸಿ. ಆಮೇಲೂ ಪೆಡಲ್ ಮಂದ ಅನ್ನಿಸಿದರೆ ಎಂಜಿನ್ನನ್ನೂ ಸ್ಪೋರ್ಟ್‌ಗೆ ತನ್ನಿ. ಒಮ್ಮೆಗೆ ಒಂದನ್ನೇ ಬದಲಾಯಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ.

ಊರೊಳಗಿನ ಟ್ರಾಫಿಕ್‌ಗೆ ಕಂಫರ್ಟ್. ಅಲ್ಲಿ ಸ್ಪೋರ್ಟ್ ಹಾಕಿದರೆ ಸುಮ್ನೆ ಪೆಟ್ರೋಲ್ ದಂಡ, ಕೆಳ ಗೇರ್‌ನಲ್ಲಿ ಕಾರು ಜಗ್ಗುತ್ತಾ ಹೋಗುತ್ತದೆ.

ಜೋರಾಗಿ ಓಡಿಸಿದ ದಿನ ಮನೆ ಸೇರುವ ಮುಂಚಿನ ಎರಡು ಮೂರು ಕಿಲೋಮೀಟರ್ ಕಂಫರ್ಟ್‌ಗೆ ಬಂದು ಮೆಲ್ಲಗೆ ಬನ್ನಿ, ಟರ್ಬೊ ತಣ್ಣಗಾಗಲಿ. ಮನೆ ಮುಂದೆ ನಿಂತು ಎಂಜಿನ್ ಓಡಿಸುವುದಕ್ಕಿಂತ ಇದು ವಾಸಿ, ಗಾಳಿ ಹರಿದಾಡುತ್ತಿರುತ್ತದೆ.

ಈ ಭಾನುವಾರದ ಪರೀಕ್ಷೆಯಿಂದ ಭಾವನಿಗೆ ದುಡ್ಡೂ ಉಳಿಯಿತು. ಪೆಡಲ್ ಬಾಕ್ಸ್ ಅಂತ ಒಂದು ಡಬ್ಬಿ ಮಾರುತ್ತಾರೆ. ಪೆಡಲ್ ಸೆನ್ಸರ್ ಮತ್ತು ಇಸಿಯು ಮಧ್ಯೆ ಸಿಕ್ಕಿಸಿದರೆ "ಕಾರು ರಾಕೆಟ್ ಆಗುತ್ತೆ" ಅನ್ನುತ್ತಾರೆ. ಭಾವ ಅದನ್ನು ಆರ್ಡರ್ ಮಾಡುವವರಿದ್ದರು. ಅದು ಮಾಡುವುದಿಷ್ಟೇ: ನೀವು ಶೇ. 30 ಒತ್ತಿದಾಗ ಇಸಿಯುಗೆ 50 ಅಂತ ಸುಳ್ಳು ಹೇಳುವುದು. ಸ್ಪೋರ್ಟ್ ಮೋಡ್ ಇರುವ ಕಾರಿಗೆ ಅದೇ ಕೆಲಸವನ್ನು ಇನ್ನೊಮ್ಮೆ ದುಡ್ಡು ಕೊಟ್ಟು ಮಾಡಿಸಿದ ಹಾಗೆ.

"ಹಾಗಾದ್ರೆ ನಿಜವಾಗ್ಲೂ ಐವತ್ತು ಎಚ್‌ಪಿ ಬೇಕು ಅಂದ್ರೆ?" ಅಂತ ಕೇಳಿದರು. ಅದಕ್ಕೆ ರೀಮ್ಯಾಪ್, ಅಂದರೆ ಇಸಿಯು ಒಳಗಿನ ಕೋಷ್ಟಕಗಳನ್ನೇ ತಿದ್ದುವುದು, ಇದೆ, ಅಲ್ಲಿ ಟರ್ಬೊದ ಒತ್ತಡವೇ ಬದಲಾಗುತ್ತದೆ, ವಾರಂಟಿಯೂ ಕೈಬಿಡುವ ಸಾಧ್ಯತೆ ಇದೆ. ಭಾವನ ಕಾರಿಗೆ ಇನ್ನೂ ಎಂಟು ತಿಂಗಳ ವಾರಂಟಿ ಬಾಕಿ ಇದೆ. ಅಕ್ಕನಿಗೆ ಈ ಲೆಕ್ಕ ಗೊತ್ತಿರುವುದರಿಂದ ಸದ್ಯಕ್ಕೆ ಆ ಮಾತು ಅಲ್ಲಿಗೇ ನಿಂತಿದೆ.